ಮೊಯ್ದು ರಾಜ್ಯಪಾಲರನ್ನು ತಡೆದದ್ದು

ಬಾಳೂರಿನ ಮೇಲಿನ ಗುಡ್ಡಗಳಲ್ಲಿ ಜೀಪು ಓಡಿಸುವವರು ಬೇಕಾದಷ್ಟು ಜನ ಇದ್ದರು. ಆದರೆ ಡ್ರೈವರ್ ಎಂದರೆ ತಾನೊಬ್ಬನೇ, ಉಳಿದವರೆಲ್ಲ ಸುಮ್ಮನೆ ಸ್ಟೇರಿಂಗ್ ಹಿಡಿದು ಕೂತವರು ಎಂದು ಮೊಯ್ದು ನಂಬಿದ್ದ. ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿರುವ ನಂಬಿಕೆಯೂ ಅದಲ್ಲ. ಗುಡ್ಡದ ಬುಡದ ಕೂಡುರಸ್ತೆ ಹ್ಯಾಂಡ್‌ಪೋಸ್ಟಿನ ಚಹಾದಂಗಡಿಯಲ್ಲಿ ಬಾಯಿಬಿಟ್ಟು ಹೇಳುವ ನಂಬಿಕೆ. "ಘಾಟಿಯಲ್ಲಿ ಗಾಡಿ ಓಡಿಸೋದು ಕೈಕಾಲಿಂದಲ್ಲ ಮಾರಾಯ, ತಲೆಯಿಂದ" ಎನ್ನುತ್ತಿದ್ದ. ಕೇಳಿದವರು ಅವನ ತಲೆಯ ಮೇಲಿನ ಬಿಳಿ ಟೊಪ್ಪಿಯನ್ನು ನೋಡಿ ಹೌದು ಹೌದು ಎಂದು ಚಹಾ ಕುಡಿಯುತ್ತಿದ್ದರು.

ಹಾಗೆಂದು ಅವನು ಬರೀ ಬಾಯಿಯವನಲ್ಲ. ಗಾಳಿಗುಡ್ಡ ಎಸ್ಟೇಟಿನಿಂದ ಹ್ಯಾಂಡ್‌ಪೋಸ್ಟಿಗೆ ಇಳಿಯುವ ಆ ದಾರಿ ಒಂದು ಕಡೆ ಗೋಡೆಯಂತೆ ಎದ್ದ ಮಣ್ಣಿನ ಧರೆ, ಇನ್ನೊಂದು ಕಡೆ ಹಳ್ಳ, ನಡುವೆ ಒಂದು ಜೀಪಿಗಾಗುವಷ್ಟು ನೆಲ. ಆಷಾಢದ ಮಳೆಯಲ್ಲೂ ಹೆರಿಗೆ ನೋವಿನ ಹೆಂಗಸರನ್ನು ಮೂಡಿಗೆರೆಯ ಆಸ್ಪತ್ರೆಗೆ ಮುಟ್ಟಿಸಿದ್ದ. ದಾರಿಯಲ್ಲಿ ಯಾರು ಕೈ ಮಾಡಿದರೂ ನಿಲ್ಲಿಸುತ್ತಿದ್ದ. ಜಾಗವಿಲ್ಲದಿದ್ದರೆ ಬಂಪರಿನ ಮೇಲೆ ನಿಲ್ಲಿಸಿಕೊಳ್ಳುತ್ತಿದ್ದ. ಬಯ್ಯದೆ ಮಾತ್ರ ಯಾರನ್ನೂ ಹತ್ತಿಸಿಕೊಂಡವನಲ್ಲ.

ಇಂಥ ಮಹಾರಾಜನ ಜೀಪಿಗೆ ಹಿಂದಕ್ಕೆ ಹೋಗುವ ಗೇರು ಇರಲಿಲ್ಲ.

ಮೊದಲು ಇತ್ತು. ಒಂದು ಮಳೆಗಾಲದಲ್ಲಿ ಕಟಕಟ ಎಂದು ಹಲ್ಲು ಕಡಿದು ಶಾಶ್ವತವಾಗಿ ಸುಮ್ಮನಾಯಿತು. ಸರಿಮಾಡಿಸಬೇಕೆಂದರೆ ಮೂಡಿಗೆರೆಯ ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಇಳಿಸಬೇಕು. ಇಳಿಸಿದರೆ ವಾರಗಟ್ಟಲೆ ಜೀಪು ಅಲ್ಲಿ ನಿಲ್ಲಬೇಕು. ನಿಂತರೆ ನಾಲ್ಕು ಜನ ನೋಡುತ್ತಾರೆ, "ಎಂತ ಮೊಯ್ದು ಕಾಕ, ರಿವರ್ಸ್ ಹೋಯ್ತಾ?" ಎಂದು ಕೇಳುತ್ತಾರೆ. ಅದಕ್ಕಿಂತ ಹಿಂದಕ್ಕೆ ಹೋಗದೆ ಬದುಕುವುದೇ ವಾಸಿ ಎಂದು ಮೊಯ್ದು ತೀರ್ಮಾನಿಸಿದ. ವಿಷಯ ಗೊತ್ತಿದ್ದದ್ದು ಹೆಂಡತಿ ರೌಶನ್ ಬೀ ಒಬ್ಬಳಿಗೇ.

ಹಿಂದಕ್ಕೆ ಹೋಗದೆ ಬದುಕುವುದಕ್ಕೂ ತಲೆ ಬೇಕು. ತಿರುಗಿಸಲು ಜಾಗವಿಲ್ಲದ ಅಂಗಳಕ್ಕೆ ಅವನು ಜೀಪು ಇಳಿಸುತ್ತಿರಲಿಲ್ಲ. ಗೇಟಿನಲ್ಲೇ ನಿಂತು ಸಾಮಾನು ಹೊರಿಸುತ್ತಿದ್ದ. ಹ್ಯಾಂಡ್‌ಪೋಸ್ಟಿನಲ್ಲಿ ಅರಳಿಕಟ್ಟೆಗೆ ಒಂದು ಸುತ್ತು ಬಂದು ಜೀಪಿನ ಮೂತಿಯನ್ನು ಬಂದ ಕಡೆಗೆ ತಿರುಗಿಸಿಕೊಳ್ಳುತ್ತಿದ್ದ. "ಸಾಯಬ್ರು ದಿನಾ ಪ್ರದಕ್ಷಿಣೆ ಹಾಕ್ತಾರೆ, ಪುಣ್ಯ ಬರ್ತದೆ" ಎಂದು ಜನ ನಕ್ಕರೆ ತಾನೂ ನಗುತ್ತಿದ್ದ. ಇನ್ನು ದಾರಿಯಲ್ಲಿ ಎದುರು ಗಾಡಿ ಬಂದರೆ? ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂಬುದು ಘಾಟಿಯ ಕಾಯಿದೆ. ಮೊಯ್ದು ಹತ್ತುವಾಗ ಆ ಕಾಯಿದೆಯನ್ನು ಮೌಲವಿಗಳ ಹಾಗೆ ಬೋಧಿಸುತ್ತಿದ್ದ. ಇಳಿಯುವಾಗ ಮಾತ್ರ ಮೇಲಿನ ತಿರುವಿನಿಂದಲೇ ಒಂದು ಉದ್ದನೆಯ ಹಾರ್ನ್ ಹೊಡೆಯುತ್ತಿದ್ದ. ಆ ಹಾರ್ನ್ ಕೇಳಿಸಿದ್ದೇ ತಡ, ಕೆಳಗಿನಿಂದ ಬರುತ್ತಿದ್ದ ಜೀಪು, ಟ್ರ್ಯಾಕ್ಟರು, ಎಸ್ಟೇಟ್ ಮಾಲೀಕರ ಕಾರು ಎಲ್ಲ ಹಿಂದಕ್ಕೆ ಹೋಗಿ, ದಾರಿ ಅಗಲವಿದ್ದ ಕಡೆ ಧರೆಗೆ ಒತ್ತಿಕೊಂಡು ನಿಲ್ಲುತ್ತಿದ್ದವು. ಮೊಯ್ದು ಎರಡು ಬೆರಳೆತ್ತಿ ಸಲಾಂ ಮಾಡಿ ಇಳಿದುಹೋಗುತ್ತಿದ್ದ. ಅದು ಹಿರಿಯ ಡ್ರೈವರಿಗೆ ಕಿರಿಯರು ಕೊಡುವ ಮರ್ಯಾದೆ ಎಂದು ಅವನು ತಿಳಿದಿದ್ದ. ತಿಳಿದು ಸುಖವಾಗಿದ್ದ.

ತೊಂಬತ್ತರ ದಶಕದ ಕೊನೆಗೆ ಒಂದು ಸಲ ರಾಜ್ಯಪಾಲರು ಗಾಳಿಗುಡ್ಡ ಎಸ್ಟೇಟಿನ ಬಂಗಲೆಗೆ ವಿಶ್ರಾಂತಿಗೆಂದು ಬಂದರು. ಕಾಫಿ ಹೂ ಬಿಟ್ಟ ಕಾಲ. ದೊಡ್ಡವರು ಹೂ ನೋಡಲು ಬರುತ್ತಾರೆ. ನೋಡಿ ಹಾಡಿ ಹೊಗಳಿ ಹೋಗುತ್ತಾರೆ. ಪೊಲೀಸರು ಹ್ಯಾಂಡ್‌ಪೋಸ್ಟಿನಲ್ಲಿ ಗಾಡಿಗಳನ್ನೆಲ್ಲ ತಡೆದು ನಿಲ್ಲಿಸಿದರು. ಮೇಲಿನಿಂದಲೂ ಗಾಡಿ ಬರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಮೊಯ್ದು ಬೆಳಗ್ಗೆಯೇ ಮೇಲಿನ ಕೂಲಿಯವರ ಲೈನ್ ಮನೆಗಳ ಹತ್ತಿರ ಹೋಗಿ, ಕೆಳಗಿನ ತೋಟದಲ್ಲಿ ಕಳೆ ಹೊಡೆಯಬೇಕಿದ್ದ ಹೆಂಗಸರನ್ನು ಜೀಪಿನ ತುಂಬ ತುಂಬಿಕೊಂಡಿದ್ದ. ಅವರ ಜೊತೆ ಲಿಂಗಪ್ಪನೂ ಇದ್ದ.

ಲಿಂಗಪ್ಪನೆಂದರೆ ಸೇತುವೆ ಹೋರಾಟ ಸಮಿತಿಯ ಅಧ್ಯಕ್ಷ. ಕಾರ್ಯದರ್ಶಿ, ಖಜಾಂಚಿ, ಸದಸ್ಯರು ಎಲ್ಲ ಅವನೇ. ಮಳೆಗಾಲದಲ್ಲಿ ಹಳ್ಳ ದಾಟಲು ಒಂದು ಸೇತುವೆ ಬೇಕು ಎಂಬ ಅವನ ಬೇಡಿಕೆ ನ್ಯಾಯವಾದದ್ದೇ. ಆದರೆ ಅದನ್ನು ಅವನು ಬಸ್ ಕಂಡಕ್ಟರಿಗೂ ಹೇಳುತ್ತಿದ್ದ, ಮೀನು ಮಾರುವವನಿಗೂ ಹೇಳುತ್ತಿದ್ದ.

ಮೊಯ್ದು ಮೇಲಿನ ತಿರುವಿನಲ್ಲಿ ಎಂದಿನಂತೆ ಉದ್ದನೆಯ ಹಾರ್ನ್ ಹೊಡೆದ. ಊರವರಾಗಿದ್ದರೆ ತಟ್ಟನೆ ಹಿಂದಕ್ಕೆ ಹೋಗುತ್ತಿದ್ದರು. ಜಿಲ್ಲಾ ಪೊಲೀಸರ ಬೆಂಗಾವಲು ಜೀಪಿಗೆ ಆ ಹಾರ್ನಿನ ಅರ್ಥ ಏನು ಗೊತ್ತು? ಅದು ಮೇಲೆ ಬಂದೇ ಬಂತು. ಅದರ ಹಿಂದೆ ಬಾವುಟ ಕಟ್ಟಿದ ಬಿಳಿ ಕಾರು, ಅದರ ಹಿಂದೆ ಮತ್ತಷ್ಟು ಕಾರು. ತಿರುವಿನಲ್ಲಿ ಮೊಯ್ದುವಿನ ಜೀಪು ಮತ್ತು ಪೊಲೀಸ್ ಜೀಪು ಟಗರುಗಳ ಹಾಗೆ ಮೂತಿಗೆ ಮೂತಿ ಕೊಟ್ಟು ನಿಂತವು.

"ಹಿಂದಕ್ಕೆ ತಗೊಳ್ಳೋ!" ಎಂದು ಬೆಂಗಾವಲಿನ ಅಧಿಕಾರಿ ಕೂಗಿದ.

ಮೊಯ್ದು ಹಿಂದಕ್ಕೆ ತಿರುಗಿ ನೋಡಿದ. ಹತ್ತುವ ಗಾಡಿ ಅವರದು, ಕಾಯಿದೆಯೂ ಅವರದು. ಜೀಪಿನ ತುಂಬ ಹೆಂಗಸರು ಕೂತಿದ್ದಾರೆ, ಅವರೆದುರು ಹೇಗೆ ಹೇಳುವುದು? ಗೇರಿನ ಕಡ್ಡಿಯನ್ನು ಹಿಡಿದು ಸುಮ್ಮನೆ ಅಲ್ಲಾಡಿಸಿದ. "ಸ್ವಲ್ಪ ನೀವೇ ಹಿಂದಕ್ಕೆ ಹೋಗ್ಬೇಕಾಗ್ತದೆ ಸಾರ್" ಎಂದ. ದನಿಯಲ್ಲಿ ಎಷ್ಟು ವಿನಯವಿತ್ತೆಂದರೆ ಅಧಿಕಾರಿಗೆ ಅದು ಸೊಕ್ಕಿನಂತೆ ಕೇಳಿಸಿತು.

ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ಲಿಂಗಪ್ಪ ಹಿಂದಿನಿಂದ ಧುಮುಕಿ ಜೀಪಿನ ಮುಂದೆ ಬಂದು ನಿಂತ. ಬಿಳಿ ಕಾರಿನ ಕಡೆ ಕೈ ಎತ್ತಿ, "ಸೇತುವೆಗೆ ಆರ್ಡರ್ ಮಾಡೋ ತನಕ ಈ ಜೀಪು ಒಂದಿಂಚೂ ಹಿಂದಕ್ಕೆ ಹೋಗಲ್ಲ ಸ್ವಾಮೀ!" ಎಂದು ಗುಡ್ಡ ಮೊಳಗುವಂತೆ ಕೂಗಿದ. ಅವನ ಬದುಕಿನಲ್ಲಿ ಅಷ್ಟು ನಿಜವಾದ ಮಾತನ್ನು ಅವನು ಹಿಂದೆಂದೂ ಆಡಿರಲಿಲ್ಲ. ಏನಾಯಿತೆಂದು ನೋಡಲು ಹೆಂಗಸರೆಲ್ಲ ಕೆಳಗಿಳಿದರು. ಕಳೆ ಹೊಡೆಯಲು ಹೊರಟವರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕತ್ತಿ.

ಬೆಂಗಾವಲಿನ ಅಧಿಕಾರಿ ಕತ್ತಿಗಳನ್ನು ನೋಡಿದ, ಪಕ್ಕದ ಹಳ್ಳವನ್ನು ನೋಡಿದ, ವಾಕಿಟಾಕಿಯಲ್ಲಿ ಏನೋ ಹೇಳಿದ. ಸಾಲು ಕಾರುಗಳು ಒಂದೊಂದಾಗಿ ಹಿಂದಕ್ಕೆ ಇಳಿಯತೊಡಗಿದವು. ಬಾವುಟದ ಕಾರೂ ಹಿಂದಕ್ಕೆ ಹೋಯಿತು. ಅಗಲವಾದ ಜಾಗದಲ್ಲಿ ಅವೆಲ್ಲ ಧರೆಗೆ ಒತ್ತಿ ನಿಂತಾಗ ಮೊಯ್ದು ಪಕ್ಕದಲ್ಲೇ ಇಳಿದುಹೋದ. ಅಭ್ಯಾಸಬಲ ನೋಡಿ, ಎರಡು ಬೆರಳೆತ್ತಿ ಸಲಾಂ ಬೇರೆ ಮಾಡಿದ. ಬಾವುಟದ ಕಾರಿನೊಳಗಿದ್ದ ಮುದುಕರು ಕನ್ನಡಕದೊಳಗಿಂದ ಅವನನ್ನೇ ನೋಡಿ ತಲೆಯಾಡಿಸಿದರು.

ಸಂಜೆಯೊಳಗೆ ಸುದ್ದಿ ಕಳಸದವರೆಗೆ ಹೋಯಿತು. ಮೊಯ್ದು ರಾಜ್ಯಪಾಲರನ್ನೇ ಹಿಂದಕ್ಕೆ ಕಳಿಸಿದನಂತೆ. ಸೇತುವೆಗಾಗಿ ಎದೆ ಕೊಟ್ಟು ನಿಂತನಂತೆ. ಲಿಂಗಪ್ಪ ಚಹಾದಂಗಡಿಯೆದುರು ಅವನ ಕೊರಳಿಗೆ ಸೇವಂತಿಗೆ ಹಾರ ಹಾಕಿ ಭಾಷಣ ಮಾಡಿದ. ಮೊಯ್ದು ಮೊದಮೊದಲು "ಹಾಗೇನಿಲ್ಲ, ಹಾಗೇನಿಲ್ಲ" ಎಂದ. ಎರಡನೇ ಚಹಾಕ್ಕೆ ಸುಮ್ಮನಾದ. ಮೂರನೇ ಚಹಾಕ್ಕೆ, "ಸೇತುವೆ ಬೇಕಲ್ಲ ಮತ್ತೆ, ಎಷ್ಟು ದಿನ ಅಂತ ಸಹಿಸೋದು" ಎಂದೇಬಿಟ್ಟ. ಹೊಗಳಿಕೆ ಯಾರಿಗೆ ಬೇಡ ಹೇಳಿ? ಮಳೆಯಲ್ಲಿ ನೆನೆದು ಜೀವಮಾನವಿಡೀ ಬಾಡಿಗೆ ಹೊಡೆದವನ ಕೊರಳಿಗೆ ಅದು ಮೊದಲನೇ ಹಾರ.

ಹಾರ ಬಾಡುವ ಮೊದಲೇ ಠಾಣೆಯಿಂದ ಕರೆ ಬಂತು. ಜೀಪನ್ನೂ ತರಬೇಕೆಂದು ಹೇಳಿಕಳಿಸಿದ್ದರು. ಲಿಂಗಪ್ಪ ಆ ದಿನವೇ ಕಳಸದ ಷಡ್ಡಕನ ಮನೆಗೆ ತುರ್ತಾಗಿ ಹೊರಟುಹೋದ. ಸಮಿತಿ ಇಡಿಯಾಗಿ ಊರು ಬಿಟ್ಟಿತು.

ಸಬ್ ಇನ್ಸ್‌ಪೆಕ್ಟರ್ ಚಂದ್ರಶೇಖರಪ್ಪ ಬಯಲುಸೀಮೆಯಿಂದ ಹೊಸದಾಗಿ ಬಂದವರು. ರಕ್ತ ಹೀರುವ ಇಂಬಳಕ್ಕೆ ಹೆದರಿ ಕುರ್ಚಿಯ ಮೇಲೆ ಕಾಲು ಮಡಿಸಿ ಕೂರುತ್ತಿದ್ದರು. ಮನುಷ್ಯ ಮಾತ್ರ ಒಳ್ಳೆಯವರು.

"ಕೂತ್ಕೊಳ್ಳಿ ಸಾಬ್ರೇ. ದಂಡ ಸಂಹಿತೆ ನೂರ ಇಪ್ಪತ್ನಾಲ್ಕು ಅಂತ ಒಂದು ಸೆಕ್ಷನ್ ಇದೆ, ಕೇಳಿದೀರಾ?"

"ಇಲ್ಲ ಸಾರ್. ನಾವು ಮೋಟಾರ್ ವೆಹಿಕಲ್ ಸೆಕ್ಷನ್ ಮಾತ್ರ ಕೇಳಿದ್ದು."

"ನಾನೂ ಓದಿದ್ದು ಬಿಟ್ರೆ ನೋಡಿರಲಿಲ್ಲ, ನಿಮ್ಮಿಂದ ನೋಡೋ ಹಾಗಾಯ್ತು" ಎಂದು ಅವರು ಪುಸ್ತಕ ತೆಗೆದರು. ರಾಷ್ಟ್ರಪತಿಗಳು, ರಾಜ್ಯಪಾಲರು ತಮ್ಮ ಅಧಿಕಾರವನ್ನು ಹೀಗೇ ಚಲಾಯಿಸಬೇಕು, ಅಥವಾ ಚಲಾಯಿಸಬಾರದು ಎಂದು ಬಲವಂತ ಮಾಡುವ ಉದ್ದೇಶದಿಂದ ಅವರ ಮೇಲೆ ಕೈ ಮಾಡಿದರೆ, ದಾರಿಗಡ್ಡ ನಿಂತು ತಡೆದರೆ, ಬಲ ತೋರಿಸಿ ಹೆದರಿಸಿದರೆ, ಹಾಗೆ ಮಾಡಲು ಹೊರಟರೂ ಸರಿ, ಏಳು ವರ್ಷದವರೆಗೆ ಸಜೆ. ಓದಿ ಮುಗಿಸಿ ಪುಸ್ತಕ ಮಡಚಿದರು. "ತಡೆದಿದ್ದು ನಿಜ. ಕತ್ತಿ ಇದ್ದದ್ದೂ ನಿಜ. ಸೇತುವೆ ಆರ್ಡರ್ ಅಂತ ಕೂಗಿದ್ದೂ ನಿಜ. ರಾಜ್ಯಪಾಲರು ಏನೂ ಅಂದಿಲ್ಲ. ಆದರೆ ಬೆಂಗಾವಲಿನವರು ಬರೆದು ಕೊಟ್ಟಿದಾರೆ. ಈಗ ಇರೋದು ಒಂದೇ ಪ್ರಶ್ನೆ. ನೀವು ಯಾಕೆ ಹಿಂದಕ್ಕೆ ಹೋಗ್ಲಿಲ್ಲ?"

ಮೊಯ್ದು ಬಾಯಿ ತೆರೆದ. ಕಿಟಕಿಯಾಚೆ ನಾಲ್ಕೈದು ಜನ ಇಣುಕುತ್ತಿದ್ದರು. ಅವರಲ್ಲೊಬ್ಬ ಹಾರ ಹಾಕಿದಾಗ ಶಿಳ್ಳೆ ಹೊಡೆದವನು.

"ಹೋಗ್ಲಿಲ್ಲ ಸಾರ್" ಎಂದ ಮೊಯ್ದು. "ಹೋಗ್ಬಾರ್ದು ಅನ್ನಿಸ್ತು."

ಚಂದ್ರಶೇಖರಪ್ಪ ಬರೆಯಲೆಂದು ಹಿಡಿದಿದ್ದ ಪೆನ್ನನ್ನು ಕೆಳಗಿಟ್ಟರು. "ಇವತ್ತು ನಾನು ಇದನ್ನ ಕೇಳಿಸ್ಕೊಂಡಿಲ್ಲ. ಗಾಡಿ ಇಲ್ಲೇ ಇರ್ಲಿ. ಮನೆಗೆ ಹೋಗಿ ಯೋಚನೆ ಮಾಡಿ, ನಾಳೆ ಬೆಳಗ್ಗೆ ಬನ್ನಿ. ನಾಳೆ ಹೇಳಿದ್ದನ್ನ ಬರ್ಕೊಳ್ತೀನಿ."

ಮೊಯ್ದು ಅಂದು ಮನೆಗೆ ನಡೆದುಕೊಂಡು ಹೋದ. ದಾರಿಯುದ್ದಕ್ಕೂ ಜನ ಕೈ ಮುಗಿದರು. ರೌಶನ್ ಬೀ ಕೈ ಮುಗಿಯಲಿಲ್ಲ.

"ಗೇರ್ ಬೀಳಲ್ಲ ಅಂತ ಹೇಳೋಕೆ ನಿಮಗೆ ಎಂತ ಕಷ್ಟ? ಏಳು ವರ್ಷ ಅಂತೆ!"

"ಜೈಲಿಗೆ ಹೋಗಿ ಬಂದವ್ರು ಎಷ್ಟೋ ಜನ ದೊಡ್ಡವ್ರಾಗಿದಾರೆ."

"ಅವ್ರು ಬ್ರಿಟಿಷರನ್ನ ಓಡ್ಸೋಕೆ ಹೋಗಿ ಜೈಲು ಸೇರಿದ್ರು. ನೀವು ಗೇರ್ ಬೀಳದೆ ಸೇರ್ತೀರಿ."

ಮೊಯ್ದುವಿಗೆ ನಗು ಬರಬೇಕಿತ್ತು, ಬರಲಿಲ್ಲ. ಒಲೆಯ ಪಕ್ಕ ಕೂತು ಕೈ ಕಾಯಿಸಿಕೊಳ್ಳುತ್ತ ಮೆಲ್ಲಗೆ ಹೇಳಿದ: "ನೋಡು, ನನಗೆ ತೋಟ ಇಲ್ಲ, ಓದಿಲ್ಲ. ಮೊಯ್ದು ಒಳ್ಳೆ ಡ್ರೈವರ್ ಅನ್ನೋ ಒಂದು ಮಾತಿದೆ. ಅದಕ್ಕೇ ಎಲ್ರೂ ದಾರಿ ಬಿಡ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ನಾಳೆ ಠಾಣೆಯಲ್ಲಿ ನನ್ನ ಜೀಪಿಗೆ ರಿವರ್ಸೇ ಇಲ್ಲ ಅಂದ್ರೆ, ಆಮೇಲೆ ಯಾವ ಮುಖ ಇಟ್ಕೊಂಡು ಹಾರ್ನ್ ಹೊಡೀಲಿ?"

ರೌಶನ್ ಬೀ ಗಂಡನ ಮುಖ ನೋಡಿದಳು. ಅವನು ನಿಜಕ್ಕೂ ಹೆದರಿದ್ದ; ಜೈಲಿಗಿಂತ ನಗೆಗೆ ಹೆಚ್ಚು ಹೆದರಿದ್ದ. ಅವಳ ಸಿಟ್ಟು ಅರ್ಧಕ್ಕೆ ಇಳಿಯಿತು. "ನಗೋರು ನಾಲ್ಕು ದಿನ ನಗ್ತಾರೆ" ಎಂದಳು. "ನೀವಿಲ್ದೆ ನಾನು ಏಳು ವರ್ಷ ಯಾರನ್ನ ಬಯ್ಕೊಂಡಿರ್ಲಿ?"

ಮೊಯ್ದು ಒಲೆಯ ಪಕ್ಕದಿಂದ ಎದ್ದು ಕೈ ತೊಳೆದುಕೊಂಡ. ಆ ರಾತ್ರಿ ಊಟ ಮಾಡಿದ.

ಮರುದಿನ ಬೆಳಗ್ಗೆ ಗಂಡಹೆಂಡತಿ ಇಬ್ಬರೂ ಠಾಣೆಗೆ ಹೋದರು. ಆಗಲೇ ಅಂಗಳದಲ್ಲಿ ಊರು ನೆರೆದಿತ್ತು. ಹ್ಯಾಂಡ್‌ಪೋಸ್ಟಿನ ಚಹಾದಂಗಡಿಯವನು ಅಂಗಡಿ ಮುಚ್ಚಿ ಬಂದಿದ್ದ. ಕಳೆ ಹೊಡೆಯುವ ಹೆಂಗಸರು ಕತ್ತಿಗಳನ್ನು ಜಾಣತನದಿಂದ ಮನೆಯಲ್ಲೇ ಬಿಟ್ಟು ಬಂದಿದ್ದರು. ಸಣ್ಣ ಪ್ಲಾಂಟರು ಮಂಜಯ್ಯ ತನ್ನ ಜೀಪನ್ನು ರಸ್ತೆಯಲ್ಲಿ ನಿಲ್ಲಿಸಿ ಎಲ್ಲರ ಮುಂದೆ ನಿಂತಿದ್ದ. ಅವನೂ ಮೊಯ್ದುವೂ ಒಂದೇ ವಯಸ್ಸಿನವರು, ಒಂದೇ ದಾರಿಯವರು. ಈ ಜನವೆಲ್ಲ ತನ್ನ ವೀರಾವೇಶ ನೋಡಲು ಬಂದಿದ್ದಾರೆ ಎಂದುಕೊಂಡು ಮೊಯ್ದು ತಲೆ ತಗ್ಗಿಸಿ ಅಂಗಳ ದಾಟಿದ.

ಚಂದ್ರಶೇಖರಪ್ಪ ಜೀಪಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. "ಹೇಳಿ ಸಾಬ್ರೇ. ಯಾಕೆ ಹಿಂದಕ್ಕೆ ಹೋಗ್ಲಿಲ್ಲ?"

ಮೊಯ್ದು ಟೊಪ್ಪಿ ಸರಿಮಾಡಿಕೊಂಡ. ಜನರ ಕಡೆ ನೋಡಲಿಲ್ಲ. "ನನ್ನ ಜೀಪಿಗೆ ರಿವರ್ಸ್ ಇಲ್ಲ ಸಾರ್" ಎಂದ. ದನಿ ಹೊರಡಲಿಲ್ಲವೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ: "ರಿವರ್ಸ್ ಇಲ್ಲ. ತುಂಬ ವರ್ಷ ಆಯ್ತು. ನಾನು ಯಾರನ್ನೂ ತಡೀಲಿಲ್ಲ. ಸೇತುವೆ ಗೀತುವೆ ನನ್ನ ತಲೇಲಿರ್ಲಿಲ್ಲ. ಹಿಂದಕ್ಕೆ ಹೋಗೋಕೆ ಆಗ್ಲಿಲ್ಲ, ಅಷ್ಟೇ."

ಹೇಳಿ ಮುಗಿಸಿ ಕಣ್ಣು ಮುಚ್ಚಿದ. ಜನರಿಂದ ನಗು ಬರುತ್ತದೆಂದು ಕಾದ. ಬರಲಿಲ್ಲ.

ಚಂದ್ರಶೇಖರಪ್ಪ ತಾವೇ ಜೀಪು ಹತ್ತಿ ಗೇರು ಹಾಕಿ ನೋಡಿದರು. ಕಟಕಟ ಎಂದಿತು, ಅಲುಗಲಿಲ್ಲ. ಕೆಳಗಿಳಿದು ಬಂದು ತಲೆ ಕೆರೆದುಕೊಂಡರು. "ಈಗ ಇಲ್ಲ, ಒಪ್ಪಿದೆ. ಆದರೆ ಬೆಂಗಾವಲಿನವರು ನನ್ನ ಕೇಳ್ತಾರೆ, ರಾಜ್ಯಪಾಲರು ಹೋದ ಮೇಲೆ ಇವನೇ ಕೆಡಿಸಿಕೊಂಡಿರಬಹುದಲ್ಲ ಅಂತ. ಅದಕ್ಕೆ ಮುಂಚೆಯೂ ರಿವರ್ಸ್ ಇರ್ಲಿಲ್ಲ ಅಂತ ಯಾರಿಗೆ ಗೊತ್ತು?"

ಮೊಯ್ದು ತನ್ನ ಗುಟ್ಟನ್ನು ಅಷ್ಟು ವರ್ಷ ಎಷ್ಟು ಚೆನ್ನಾಗಿ ಕಾಪಾಡಿದ್ದನೆಂದರೆ, ಈಗ ಅದು ಅವನನ್ನು ಕಾಪಾಡುವಂತಿರಲಿಲ್ಲ. "ಇವಳಿಗೆ ಗೊತ್ತು" ಎಂದು ರೌಶನ್ ಬೀಯನ್ನು ತೋರಿಸಿದ. "ಬೇರೆ ಯಾರಿಗೂ ಗೊತ್ತಿಲ್ಲ ಸಾರ್."

"ಹೆಂಡ್ತಿ ಸಾಕ್ಷಿ ಸಾಲಲ್ಲ" ಎಂದರು ಚಂದ್ರಶೇಖರಪ್ಪ. ಅವರಿಗೂ ಬೇಸರವಾಗಿತ್ತು.

ಆಗ ಮಂಜಯ್ಯ ಗಂಟಲು ಸರಿಮಾಡಿಕೊಂಡ. "ನನಗೆ ಗೊತ್ತು ಸಾರ್. ಆ ಗೇರ್ ಕೆಟ್ಟ ವಾರದಲ್ಲೇ ಗೊತ್ತಾಗಿತ್ತು."

"ನನಗೂ ಗೊತ್ತು" ಎಂದ ಚಹಾದಂಗಡಿಯವನು. "ಇಲ್ದಿದ್ರೆ ಅರಳಿಕಟ್ಟೆ ಯಾಕೆ ಸುತ್ತೋದು?"

"ನಮ್ಮ ಲೈನಲ್ಲಿ ಹಾಲು ಕುಡಿಯೋ ಮಕ್ಕಳಿಗೂ ಗೊತ್ತು ಸ್ವಾಮಿ" ಎಂದಳು ಕಳೆ ಹೊಡೆಯುವ ಹೆಂಗಸರಲ್ಲಿ ಹಿರಿಯಳಾದ ಗಿರಿಜಾಂಬಾ. "ಹಾರ್ನ್ ಕೇಳಿದ್ರೆ ಹಿಂದಕ್ಕೆ ಹೋಗ್ಬೇಕು ಅಂತ ನಮ್ಮ ದನಗಳಿಗೂ ಗೊತ್ತು."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕತೆ ಮೊಯ್ದು ಕೇಳಿದ್ದ. ಆ ಬೆಕ್ಕು ತಾನೆಂದು ಮಾತ್ರ ಅವನಿಗೆ ತಿಳಿದಿರಲಿಲ್ಲ. ಒಬ್ಬೊಬ್ಬರಾಗಿ ಮುಂದೆ ಬಂದು ಹೇಳಿಕೆ ಕೊಟ್ಟರು. ಚಂದ್ರಶೇಖರಪ್ಪ ಬರೆದೂ ಬರೆದೂ ಕೈ ಕೊಡವಿಕೊಂಡರು. ಕಡೆಗೆ, "ಉದ್ದೇಶ ಇಲ್ಲ ಅಂದ್ಮೇಲೆ ನೂರ ಇಪ್ಪತ್ನಾಲ್ಕು ಇಲ್ಲ. ಹೀಗೆ ಗಾಡಿ ಓಡಿಸಿದ್ದಕ್ಕೆ ಬೇರೆ ಕೇಸು ಹಾಕ್ತೀನಿ, ಅದರ ದಂಡ ಕಟ್ಟಿ. ಮೊದಲು ಗೇರ್ ಬಾಕ್ಸ್ ಬಿಚ್ಚಿಸಿ" ಎಂದು ಪುಸ್ತಕ ಮುಚ್ಚಿದರು. ಬೀಸುವ ದೊಣ್ಣೆ ತಪ್ಪಿತ್ತು. ರೌಶನ್ ಬೀ ಸೆರಗಿನಿಂದ ಮುಖ ಒರೆಸಿಕೊಂಡಳು.

ಮೊಯ್ದುವಿಗೆ ಸಂತೋಷವಾಗಲಿಲ್ಲ. ಏಳು ವರ್ಷದ ಜೈಲು ಹೋಗಿತ್ತು, ಆದರೆ ಎದೆಯಲ್ಲಿ ಇನ್ನೇನೋ ಕುಸಿದಿತ್ತು. ಮಂಜಯ್ಯನ ಹತ್ತಿರ ಹೋಗಿ ನಿಂತ. "ಹಾಗಾದ್ರೆ ಇಷ್ಟು ವರ್ಷ ನೀವೆಲ್ಲ ದಾರಿ ಬಿಟ್ಟಿದ್ದು ಮರ್ಯಾದೆಗಲ್ಲ. ಅಯ್ಯೋ ಪಾಪ, ಇವನ ಜೀಪಿಗೆ ರಿವರ್ಸ್ ಇಲ್ಲ ಅಂತ. ಅಲ್ವಾ ಮಂಜಯ್ಯನವ್ರೇ?"

ಮಂಜಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. "ನಿನ್ನ ತಲೇಲಿ ಎಂತ ಇದೆ ಮಾರಾಯ? ಹೋದ ವರ್ಷ ರುದ್ರಪ್ಪನ ಜೀಪಿಗೂ ರಿವರ್ಸ್ ಹೋಗಿತ್ತು. ನಾವು ಒಬ್ರಾದ್ರೂ ಅವನಿಗೋಸ್ಕರ ಹಿಂದಕ್ಕೆ ಹೋದ್ವಾ? ಎರಡೇ ದಿನದಲ್ಲಿ ಹಗ್ಗ ಕಟ್ಟಿ ಮೂಡಿಗೆರೆ ಗ್ಯಾರೇಜಿಗೆ ಎಳ್ಕೊಂಡು ಹೋಗಿ ಬಿಟ್ಟು ಬಂದ್ವಿ."

ಮೊಯ್ದು ಟೊಪ್ಪಿಯನ್ನು ಹಣೆಗೆ ಎಳೆದುಕೊಂಡ. ಮುಖ ತಿರುಗಿಸಿಕೊಂಡು ಸುಮ್ಮನೆ ಜೀಪಿನ ಕಡೆ ನಡೆದ.

ಜೀಪು ಗೋಡೆಗೆ ಮೂತಿ ಕೊಟ್ಟು ನಿಂತಿತ್ತು. ಹಿಂದಿನ ದಿನ ಪೇದೆ ಹೇಳಿದಲ್ಲೇ ನಿಲ್ಲಿಸಿದ್ದು. ಮೊಯ್ದು ಒಳಗೆ ಕೂತ. ಹಿಂದಕ್ಕೆ ನೂಕಿಕೊಡಲು ಯಾರನ್ನು ಕೇಳಲಿ ಎಂದು ಅವನು ಯೋಚಿಸುವಷ್ಟರಲ್ಲಿ ಮಂಜಯ್ಯ ಬಾನೆಟ್ಟಿಗೆ ಕೈ ಕೊಟ್ಟಾಗಿತ್ತು, ಪಕ್ಕದಲ್ಲಿ ಚಹಾದಂಗಡಿಯವನು, ಗಿರಿಜಾಂಬಾ, ಹೆಂಗಸರು, ಇಬ್ಬರು ಪೇದೆಗಳು. ಎಲ್ಲರೂ ಸೇರಿ ನೂಕಿದರು. ಜೀಪು ಹಿಂದಕ್ಕೆ ಹೊರಟಿತು. ಹಿಂದಕ್ಕೆ ಹೋಗುವುದು ಮೊಯ್ದುವಿಗೆ ಮರೆತೇ ಹೋಗಿತ್ತು. ಕಣ್ಣಿಗೆ ನೀರು ತುಂಬಿ ಎಲ್ಲ ಮಸುಕಾಗಿತ್ತು. ಸ್ಟೇರಿಂಗನ್ನು ಯಾವ ಕಡೆಗೆ ತಿರುಗಿಸಬೇಕೆಂದು ತಿಳಿಯದೆ, ನೂಕುತ್ತಿದ್ದವರ ಮುಖಗಳನ್ನೇ ಗಾಜಿನೊಳಗಿಂದ ನೋಡುತ್ತ ಕೂತಿದ್ದ. "ಹಿಂದೆ ನೋಡ್ರೀ, ಹಿಂದೆ!" ಎಂದು ರೌಶನ್ ಬೀ ಕೂಗುತ್ತಿದ್ದಳು.